ದೂರದ ಓದುಗನಿಗೆ ಬರೆಯುವ ಕ್ರಮ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ವಿದ್ಯಾ ಇಲಾಖೆಯವರು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಪ್ರತ್ಯೇಕವಾಗಿ ಎಣಿಸುತ್ತಾರೆ. ಕಂದಾಯದ ಲೆಕ್ಕಕ್ಕೆ ತುಮಕೂರಿಗೆ ಸೇರಿ, ಪರೀಕ್ಷೆಯ ಲೆಕ್ಕಕ್ಕೆ ಬೇರೆಯಾಗಿ ನಿಲ್ಲುವ ಈ ಸೀಮೆಯಲ್ಲಿ ಭಾಷೆಗಳಿಗೇನೂ ಕೊರತೆಯಿಲ್ಲ. ಬಹುಮಂದಿಗೆ ಮನೆಮಾತು ಕನ್ನಡ. ಆಂಧ್ರದ ನೆಲದೊಳಕ್ಕೆ ಚಾಚಿಕೊಂಡಿರುವ ಪಾವಗಡದಲ್ಲಿ ತೆಲುಗು ಧಾರಾಳ. ಶಿರಾ ಪಟ್ಟಣದಲ್ಲಿ ಉರ್ದುವೂ ಉಂಟು. ಇಲ್ಲಿ ಓದಿದ ಹುಡುಗರೂ ಹುಡುಗಿಯರೂ ತುಮಕೂರಿಗೋ ಬೆಂಗಳೂರಿಗೋ ಬಂದು ಮೇಲಿನ ತರಗತಿಗಳಿಗೆ ಸೇರಿದರೆಂದರೆ, ಅವರು ಬರೆಯಬೇಕಾದುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ: ಪ್ರಯೋಗಶಾಲೆಯ ವರದಿ, ಕೆಲಸಕ್ಕಾಗಿ ಅರ್ಜಿ, ಸಂಶೋಧನೆಯ ಪ್ರಬಂಧ, ಮುಂದೆ ಉದ್ಯೋಗ ಸಿಕ್ಕಿದ ಮೇಲೆ ಕಂಡು ಕೇಳದ ಮೇಲಧಿಕಾರಿಗೆ ಒಕ್ಕಣೆ.

ಇಂಥ ಬರಹಗಳನ್ನು ತಿದ್ದುವ ಕೆಲಸದಲ್ಲಿರುವ ನಮ್ಮಂಥವರಿಗೆ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ. ವಿದ್ಯಾರ್ಥಿಯು ವ್ಯಾಕರಣವನ್ನು ಕಷ್ಟಪಟ್ಟು ಕಲಿತಿರುತ್ತಾನೆ. ವಾಕ್ಯಗಳಲ್ಲಿ ಹೇಳಿಕೊಳ್ಳುವಂಥ ತಪ್ಪು ಇರುವುದಿಲ್ಲ. ಆದರೂ ಪರದೇಶದ ಸಂಪಾದಕನೊಬ್ಬನು ಅದನ್ನು ಓದಿ, ಇದರಲ್ಲಿ ಹೇಳಹೊರಟಿರುವುದೇನು ಎಂದು ಕೇಳಿ ಹಿಂದಿರುಗಿಸುತ್ತಾನೆ. ವಿದ್ಯಾರ್ಥಿಯು ತನಗೆ ಇಂಗ್ಲಿಷ್ ಬಾರದೆಂದೇ ತಿಳಿದು ಮತ್ತೆ ವ್ಯಾಕರಣದ ಪುಸ್ತಕವನ್ನು ತೆರೆಯುತ್ತಾನೆ. ರೋಗ ಒಂದು ಕಡೆ, ಔಷಧ ಮತ್ತೊಂದು ಕಡೆ ಆಗುತ್ತದೆ. ಕೊರತೆಯು ಪದದಲ್ಲಿಲ್ಲದೆ ಕ್ರಮದಲ್ಲಿರುವುದೆಂಬುದನ್ನು ಅವನಿಗೆ ಹೇಳಿದವರೇ ಇಲ್ಲ. ಅದಕ್ಕಿಂತ ಕೆಟ್ಟದ್ದು, ನಮ್ಮ ಸೀಮೆಯವರ ಬುದ್ಧಿಯೇ ಹಾಗೆ, ನೇರವಾಗಿ ಯೋಚಿಸಲು ಬಾರದು ಎಂಬ ತೀರ್ಪನ್ನು ಅವನು ಮನಸ್ಸಿನಲ್ಲಿ ಒಪ್ಪಿಕೊಂಡುಬಿಡುವುದು. ಈ ತೀರ್ಪು ನಿಜವೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬರಹದ ಕ್ರಮವು ಬರೆಯುವವನ ಕುಲದಿಂದಲೋ ಬುದ್ಧಿಯಿಂದಲೋ ಹುಟ್ಟುವುದಿಲ್ಲ. ಓದುವವನು ಎಷ್ಟು ದೂರದಲ್ಲಿ ನಿಂತಿದ್ದಾನೆ, ಅವನಿಗೆ ನಮ್ಮಿಂದ ಏನು ಬೇಕಾಗಿದೆ ಎಂಬುದರಿಂದ ಹುಟ್ಟುತ್ತದೆ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಲಂಡನ್ನಿನ ತನಕ ಹೋಗಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿಯೇ, ಇಂಗ್ಲಿಷ್ ಬರುವುದಕ್ಕೆ ಬಹುಕಾಲ ಮೊದಲೇ, ಬೇರೆಬೇರೆ ಓದುಗರಿಗಾಗಿ ಬೇರೆಬೇರೆ ಕ್ರಮದ ಬರಹಗಳು ನಡೆದು ಬಂದಿವೆ.

ಮೊದಲನೆಯದು ಶಿಲಾಶಾಸನ. ಪಾವಗಡ ತಾಲ್ಲೂಕಿನ ನಿಡುಗಲ್ಲು ಚೋಳರೆಂದು ಹೇಳಿಕೊಂಡ ಒಂದು ಮನೆತನದ ದುರ್ಗವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಆಳಿದ ಇರುಂಗೋಳನ ಕಾಲದ ಶಾಸನಗಳು ಇಂದಿಗೂ ಉಳಿದಿವೆ. ಇಂಥ ದಾನಶಾಸನವೊಂದರ ನಡೆಯನ್ನು ನೋಡಿರಿ. ಮೊದಲು ದೇವತಾಸ್ತುತಿ. ಅನಂತರ ಅರಸನ ವಂಶ, ಅವನ ಬಿರುದುಗಳು, ಅವನು ಗೆದ್ದ ಯುದ್ಧಗಳು. ಆಮೇಲೆ ದಾನ ಕೊಟ್ಟವನ ಕುಲಶೀಲಗಳು. ಬಳಿಕ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಇಷ್ಟೆಲ್ಲ ಆದ ಮೇಲೆ ದಾನ ಯಾವುದು, ಭೂಮಿಯ ಎಲ್ಲೆ ಯಾವುದು ಎಂಬ ವಿವರ. ಕಟ್ಟಕಡೆಗೆ, ದಾನವನ್ನು ಕಾಪಾಡಿದವನಿಗೆ ಪುಣ್ಯ, ಅಳಿಪಿದವನಿಗೆ ಗಂಗೆಯ ತಡಿಯಲ್ಲಿ ಗೋವಧೆ ಮಾಡಿದ ಪಾಪ ಎಂಬ ಶಾಪಾಶಯ.

ಇದನ್ನು ಈಗಿನವರು ಸುತ್ತುಬಳಸು ಎನ್ನಬಹುದು. ಆದರೆ ಶಾಸನದ ಓದುಗನು ಯಾರು? ಅದೇ ಊರಿನವನು, ಮತ್ತು ಅದೇ ಊರಿನಲ್ಲಿ ಇನ್ನು ನೂರು ವರ್ಷಕ್ಕೆ ಹುಟ್ಟುವವನು. ಯಾವ ಹೊಲವನ್ನು ಕೊಟ್ಟರೆಂಬುದು ಊರಿಗೆಲ್ಲ ಗೊತ್ತು. ಅದನ್ನು ಮೊದಲು ಹೇಳುವ ಅವಸರವಿಲ್ಲ. ಅವನಿಗೆ ತಿಳಿಯಬೇಕಾದುದು ಈ ದಾನದ ಹಿಂದೆ ಇರುವ ಅಧಿಕಾರ ಯಾವುದು, ಇದನ್ನು ಮುರಿದರೆ ಗತಿಯೇನು ಎಂಬುದು. ಆದುದರಿಂದ ಅಧಿಕಾರವು ಮೊದಲಿಗೂ ಎಚ್ಚರಿಕೆಯು ಕೊನೆಗೂ ಬಂದುವು. ಆ ಕೆಲಸಕ್ಕೆ ಆ ಕ್ರಮವೇ ತಕ್ಕುದು.

ಎರಡನೆಯದು ಕಚೇರಿಯ ಬರಹ. ಶಿರಾ ಪಟ್ಟಣವು 1687ರಲ್ಲಿ ಮೊಗಲರ ಕೈಸೇರಿ, ಹದಿನೆಂಟನೆಯ ಶತಮಾನದ ನಡುವಿನ ವರೆಗೂ ಅವರ ಕರ್ನಾಟಕ ಸುಬೆಯ ಮುಖ್ಯಸ್ಥಾನವಾಗಿತ್ತು. ಇಂಥ ರಾಜಧಾನಿಗಳ ಕಚೇರಿಗಳ ಮೂಲಕ ಅರಬ್ಬಿ ಮತ್ತು ಪಾರಸಿ ಮೂಲದ ಎಷ್ಟೋ ಮಾತುಗಳು ಕನ್ನಡದಲ್ಲಿ ನೆಲಸಿದುವು. ಅರ್ಜಿ, ಮಹಜರು, ದಾಖಲೆ, ನಕಲು, ತಾಲ್ಲೂಕು, ತಹಶೀಲ್ದಾರ ಎಂಬುವನ್ನು ನಾವು ಪರಭಾಷೆಯವೆಂದು ಈಗ ನೆನೆಯುವುದೂ ಇಲ್ಲ. ಮಾತುಗಳ ಜೊತೆಗೆ ಬರಹದ ಕ್ರಮವೂ ಬಂದಿತು. ಅರ್ಜಿಯಲ್ಲಿ ಮೊದಲು ಪ್ರಭುವಿನ ಗೌರವ, ಆಮೇಲೆ ಅರ್ಜಿದಾರನ ದೈನ್ಯ, ಆಮೇಲೆ ಕಷ್ಟದ ನಿರೂಪಣೆ, ಕೊನೆಯಲ್ಲಿ ಬೇಡಿಕೆ. ಮಹಜರಿನಲ್ಲಿ ಹಾಗಲ್ಲ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಪಂಚರ ಎದುರಿಗೆ, ನೋಡಲಾಗಿ ಕಂಡುಬಂದುದು ಇಷ್ಟು ಎಂದು ಬರೆದು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಿಸುವುದು. ಅಲ್ಲಿ ವಿಶೇಷಣಗಳಿಗೆ ಎಡೆಯಿಲ್ಲ. ಅರ್ಜಿಯನ್ನು ಬರೆದುಕೊಟ್ಟ ಶಾನುಭೋಗನೇ ಮಹಜರನ್ನೂ ಬರೆಯುತ್ತಿದ್ದನು. ಒಂದೇ ಕೈ, ಒಂದೇ ಲೆಕ್ಕಣಿಕೆ, ಎರಡು ಕ್ರಮ. ಅವನ ಬುದ್ಧಿ ಬೆಳಗ್ಗೆ ಬಳಸು, ಸಾಯಂಕಾಲ ನೇರ ಎಂದು ಯಾರಾದರೂ ಹೇಳುವರೆ?

ಮೂರನೆಯದಾಗಿ ಇಂಗ್ಲಿಷ್ ಬಂದಿತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. ಮಧುಗಿರಿ, ಶಿರಾಗಳಿಗೂ ಬಂದನು. ಬೆಳೆ, ದನ, ನೆಯ್ಗೆ, ನಾಣ್ಯ, ತೂಕ, ಧಾರಣೆಗಳನ್ನು ಊರವರಿಂದ ಕೇಳಿ ಬರೆದುಕೊಂಡನು. ಬೆಟ್ಟಗಳಿಂದ ಮಳೆನೀರು ಹೊತ್ತು ತರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುವ ಈ ಸೀಮೆಯ ಕುಲುಮೆಗಳನ್ನೂ ವರ್ಣಿಸಿದನು. ಅವನ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕುಲುಮೆಯವನು ತನ್ನ ಮಗನಿಗೆ ಕೆಲಸವನ್ನು ಕಲಿಸುವಾಗ ಇದ್ದಲು ಎಷ್ಟೆಂದು ಬಾಯಿಂದ ಹೇಳುತ್ತಿರಲಿಲ್ಲ. ಮಗನು ಕಣ್ಣಾರೆ ಕಂಡು ಕೈಯಾರೆ ಕಲಿಯುತ್ತಿದ್ದನು. ಬುಕಾನನ್ನನ ಓದುಗನಾದರೋ ಕುಲುಮೆಯನ್ನೂ ಕಾಣನು, ಬೆಟ್ಟವನ್ನೂ ಕಾಣನು. ಅವನಿಗಾಗಿ ಅಳತೆ, ತೂಕ, ಕೂಲಿ, ವೇಳೆ ಎಲ್ಲವನ್ನೂ ಕಾಗದದ ಮೇಲೆ ಇಡಬೇಕಾಯಿತು. ದೂರವು ಹೆಚ್ಚಿದಂತೆ ಬರಹವು ಹೊರಬೇಕಾದ ಭಾರವೂ ಹೆಚ್ಚಿತು.

ಅದೇ ಭಾರವನ್ನು ಮತ್ತೊಂದು ಬಗೆಯಲ್ಲಿ ಹೊತ್ತವರು ಬಿ. ಎಲ್. ರೈಸ್ ಅವರು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿಯೂ ಪ್ರಾಕ್ತನ ಇಲಾಖೆಯಲ್ಲಿಯೂ ದುಡಿದ ಈ ವಿದ್ವಾಂಸರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯನ್ನು ಹನ್ನೆರಡು ಸಂಪುಟಗಳಲ್ಲಿ ಹೊರತಂದರು. 1904ರಲ್ಲಿ ಪ್ರಕಟವಾದ ಹನ್ನೆರಡನೆಯದು ತುಮಕೂರು ಜಿಲ್ಲೆಗೆ ಮೀಸಲು. ನಮ್ಮ ಸೀಮೆಯ ಕಲ್ಲುಗಳು ಅದರಲ್ಲಿವೆ. ಸಂಪುಟದಲ್ಲಿ ಇಂಗ್ಲಿಷಿನ ಪೀಠಿಕೆಯುಂಟು, ಇಂಗ್ಲಿಷಿನ ಅನುವಾದವುಂಟು, ರೋಮನ್ ಲಿಪಿಯ ಪಾಠವುಂಟು, ಕನ್ನಡ ಲಿಪಿಯ ಪಾಠವೂ ಉಂಟು. ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅನೇಕ ಕಡೆ ರೈಸ್ ಅವರು ಅರಸನ ಬಿರುದುಗಳು ವಾಡಿಕೆಯಂತಿವೆ ಎಂದು ಕಂಸದೊಳಗೆ ಸೂಚಿಸಿ ದಾಟಿಬಿಡುತ್ತಾರೆ. ಕೊನೆಯ ಶಾಪಾಶಯದ ಶ್ಲೋಕಗಳೂ ವಾಡಿಕೆಯವೆಂದು ಬಿಟ್ಟುಬಿಡುತ್ತಾರೆ. ಪೀಠಿಕೆಯಲ್ಲಿಯಂತೂ ಕ್ರಮವೇ ಬೇರೆ: ರಾಜವಂಶಗಳನ್ನು ಒಂದಾದಮೇಲೊಂದರಂತೆ ತೆಗೆದುಕೊಂಡು, ಶಾಸನವು ಏನನ್ನು ಸ್ಥಾಪಿಸುತ್ತದೆಂಬುದನ್ನು ಮುಂದಿಟ್ಟು, ಕಲ್ಲನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ.

ಕಲ್ಲಿನ ಕವಿಗೆ ಮುಖ್ಯವಾದುದು ರೈಸ್ ಅವರ ಓದುಗನಿಗೆ ವಾಡಿಕೆಯಾಯಿತು. ಕವಿಗೆ ವಾಡಿಕೆಯಾಗಿದ್ದ ತೇದಿಯೂ ಊರ ಹೆಸರೂ ಈ ಓದುಗನಿಗೆ ಮುಖ್ಯವಾದುವು. ಇಬ್ಬರಲ್ಲಿ ಯಾರೂ ತಪ್ಪುಮಾಡಲಿಲ್ಲ. ಲಂಡನ್ನಿನಲ್ಲಿಯೋ ಬರ್ಲಿನ್ನಿನಲ್ಲಿಯೋ ಕುಳಿತ ಇತಿಹಾಸಕಾರನಿಗೆ ನಿಡುಗಲ್ಲಿನ ಪಾಪಪುಣ್ಯದ ಹೆದರಿಕೆಯಿಲ್ಲ. ಅವನಿಗೆ ಬೇಕಾದುದು ಕಾಲನಿರ್ಣಯ. ಒಂದೇ ಕಲ್ಲು ಎರಡು ಬಗೆಯ ಓದುಗರಿಗಾಗಿ ಎರಡು ಕ್ರಮಗಳನ್ನು ತಾಳಿತು.

ಹಾಗಾದರೆ ನೇರವಾಗಿ ಬರೆಯುವುದು ಇಂಗ್ಲಿಷರ ಹುಟ್ಟುಗುಣವೋ ಎಂದರೆ, ಅದೂ ಅಲ್ಲ. ಹದಿನೇಳನೆಯ ಶತಮಾನದ ಅವರ ಗದ್ಯವನ್ನು ಓದಿದವರು ಬಲ್ಲರು: ಲ್ಯಾಟಿನ್ ಭಾಷೆಯ ಭಾರದಿಂದ ಬಾಗಿದ ವಾಕ್ಯಗಳು ಪುಟದುದ್ದಕ್ಕೂ ಹರಿಯುತ್ತಿದ್ದುವು. 1660ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಸ್ಥಾಪನೆಯಾಯಿತು. 1665ರಲ್ಲಿ ಅದರ ಬಳಗದಿಂದ ಪತ್ರಿಕೆ ಹೊರಟಿತು. 1667ರಲ್ಲಿ ಥಾಮಸ್ ಸ್ಪ್ರಾಟ್ ಎಂಬಾತನು ಆ ಸಂಸ್ಥೆಯ ಚರಿತ್ರೆಯನ್ನು ಬರೆದು, ಅಲಂಕಾರವನ್ನು ತೊರೆದು ಬರಿಯ ಮಾತಿನಲ್ಲಿ ವಿಷಯವನ್ನು ಹೇಳಬೇಕೆಂದು ವಾದಿಸಿದನು. ಕಾರಣ ಸ್ಪಷ್ಟವಾಗಿದೆ. ಪ್ರಯೋಗವನ್ನು ಕಣ್ಣಾರೆ ಕಾಣದ ದೂರದ ಊರಿನವನು ಅದನ್ನು ನಂಬಬೇಕು, ಬೇಕಾದರೆ ತಾನೂ ಮಾಡಿ ನೋಡಬೇಕು. ಪೀಠಿಕೆ, ವಿಧಾನ, ಫಲಿತಾಂಶ, ವಿಮರ್ಶೆ ಎಂಬ ನಾಲ್ಕು ಅಂಗಗಳ ಕಟ್ಟು ಇನ್ನೂ ಈಚಿನದು. ವೈದ್ಯಕೀಯ ಪತ್ರಿಕೆಗಳಲ್ಲಿ ಅದು ಸಾರ್ವತ್ರಿಕವಾದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಂಗ್ಲರು ಇದನ್ನು ತೊಟ್ಟಿಲಲ್ಲಿ ಕಲಿಯಲಿಲ್ಲ, ಅವಶ್ಯಕತೆಯು ಕಲಿಸಿತು.

ಆದರೂ ಜನಾಂಗಕ್ಕೊಂದು ಬುದ್ಧಿಯ ಆಕಾರವುಂಟೆಂಬ ಮಾತು ಪಂಡಿತರಲ್ಲಿಯೂ ಕೆಲಕಾಲ ನಡೆಯಿತು. 1966ರಲ್ಲಿ ಅಮೆರಿಕದ ರಾಬರ್ಟ್ ಕಪ್ಲಾನ್ ಎಂಬ ಭಾಷಾವಿಜ್ಞಾನಿಯು ಪರದೇಶದ ವಿದ್ಯಾರ್ಥಿಗಳು ಬರೆದ ಇಂಗ್ಲಿಷ್ ಪ್ರಬಂಧಗಳನ್ನು ಪರಿಶೀಲಿಸಿ, ಇಂಗ್ಲಿಷರ ವಿಚಾರಸರಣಿಯನ್ನು ನೆಟ್ಟನೆಯ ಗೆರೆಯಾಗಿಯೂ ಪೌರಸ್ತ್ಯರದನ್ನು ಸುರುಳಿಯಾಗಿಯೂ ಚಿತ್ರಿಸಿದನು. ಈ ಚಿತ್ರಗಳು ಬಹಳ ಪ್ರಸಿದ್ಧವಾದುವು. ಅಷ್ಟೇ ಆಕ್ಷೇಪಣೆಗೂ ಗುರಿಯಾದುವು. ಮುಂದೆ ಅವನೇ ತನ್ನ ಮಾತನ್ನು ಸಡಿಲಿಸಿದನು. 1987ರಲ್ಲಿ ಜಾನ್ ಹೈಂಡ್ಸ್ ಎಂಬಾತನು ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದನು: ಅರ್ಥವನ್ನು ಸ್ಪಷ್ಟಪಡಿಸುವ ಹೊಣೆ ಯಾರದು? ಇಂಗ್ಲಿಷಿನಲ್ಲಿ ಅದು ಬರೆಯುವವನದು. ಜಪಾನೀ ಭಾಷೆಯಂಥವುಗಳಲ್ಲಿ ಓದುವವನಿಗೂ ದೊಡ್ಡ ಪಾಲುಂಟು ಎಂದನು. ಹಿಂದಿಯ ಮತ್ತು ಭಾರತೀಯರ ಇಂಗ್ಲಿಷಿನ ಬರವಣಿಗೆಯನ್ನು ಅಭ್ಯಾಸಮಾಡಿದ ಯಮುನಾ ಕಾಚ್ರೂ ಅವರು, ಒಂದು ಜನಾಂಗದ ವಾಡಿಕೆಯನ್ನೇ ಅಳತೆಗೋಲಾಗಿಟ್ಟು ಉಳಿದವರನ್ನು ಕೊರತೆಯುಳ್ಳವರೆಂದು ಎಣಿಸುವುದು ಸಲ್ಲದೆಂದು ವಾದಿಸಿದರು. ಇದು ನಮಗೆ ಹೊಸ ಮಾತಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಉತ್ತರಮಾರ್ಗ, ದಕ್ಷಿಣಮಾರ್ಗ ಎಂಬ ಎರಡು ದಾರಿಗಳನ್ನು ವಿವರಿಸಿ, ದಾರಿಗಳು ಹಲವೆಂಬುದನ್ನು ಒಪ್ಪಿಕೊಂಡಿರುವುದು.

ದಾರಿಗಳು ಹಲವಾದರೂ, ಒಂದರಿಂದ ಮತ್ತೊಂದಕ್ಕೆ ಹೊರಳುವಾಗ ಕಾಲು ಎಡಹುವ ಸ್ಥಳಗಳು ಗೊತ್ತಾಗಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವುದು. ವಿಶೇಷಣಗಳೂ ಕಾರಣಗಳೂ ಮುಂಚೆ ಬರುವುವು. ‘ಮಳೆ ಬಾರದುದರಿಂದ, ಹೂಳು ತುಂಬಿದುದರಿಂದ, ಕೆರೆ ಬತ್ತಿತು’ ಎನ್ನುತ್ತೇವೆ. ಕೇಳುವವನು ಕೊನೆಯ ತನಕ ಕಾಯುತ್ತಾನೆ. ಕಾಯುವುದು ಅವನಿಗೆ ಅಭ್ಯಾಸ. ಇಂಗ್ಲಿಷಿನವನು ಕೆರೆ ಬತ್ತಿತೆಂಬುದನ್ನು ಮೊದಲು ಕೇಳಿ, ಆಮೇಲೆ ಏಕೆಂದು ಕೇಳುವುದಕ್ಕೆ ಹೊಂದಿಕೊಂಡಿದ್ದಾನೆ. ಒಂದು ವಾಕ್ಯದಲ್ಲಿ ಈ ವ್ಯತ್ಯಾಸವು ಅಲ್ಪ. ಆದರೆ ಕಾರಣಗಳನ್ನೆಲ್ಲ ಹೇಳಿ ನಿರ್ಣಯವನ್ನು ಕಡೆಗಿಡುವ ಈ ವಾಡಿಕೆಯು ಇಪ್ಪತ್ತು ಪುಟಗಳ ವರದಿಗೆ ಹಬ್ಬಿದರೆ, ಓದುವವನು ಹತ್ತನೆಯ ಪುಟದಲ್ಲಿಯೇ ಕೈಬಿಡುವನು.

ಎರಡನೆಯದು ಮರ್ಯಾದೆ. ಕನ್ನಡವು ಗೌರವವನ್ನು ಪ್ರತ್ಯಯದಲ್ಲಿಯೇ ಅಡಗಿಸಿಕೊಂಡಿದೆ. ‘ಕೊಡು’ ಎಂಬುದಕ್ಕೂ ‘ಕೊಡಿರಿ’ ಎಂಬುದಕ್ಕೂ ನಡುವೆ ಒಂದು ಅಕ್ಷರವಷ್ಟೆ ಹೆಚ್ಚು. ಆದರೆ ಅದರಲ್ಲಿ ವಯಸ್ಸು, ಪದವಿ, ಬಾಂಧವ್ಯ ಎಲ್ಲವೂ ಇವೆ. ಇಂಗ್ಲಿಷಿನಲ್ಲಿ ನೀನಿಗೂ ನೀವಿಗೂ ಈಗ ಒಂದೇ ಮಾತು. ನಮ್ಮ ಹುಡುಗನು ಆ ಬತ್ತಲೆಯಾದ ಮಾತಿನಿಂದ ಗುರುವನ್ನು ಸಂಬೋಧಿಸಲು ನಾಚಿ, ಗೌರವಕ್ಕಾಗಿ ಹೊರಗಿನಿಂದ ಪದಗಳನ್ನು ಹೊದಿಸುತ್ತಾನೆ. ‘ಅತ್ಯಂತ ವಿನಯಪೂರ್ವಕವಾಗಿ ಅರಿಕೆಮಾಡುವುದೇನೆಂದರೆ’ ಎಂಬ ಹಳೆಯ ಅರ್ಜಿಯ ಧಾಟಿಯು ಇಂಗ್ಲಿಷಿನ ವೇಷ ಹಾಕಿಕೊಂಡು ಬರುವುದು. ತಮಾಷೆಯೆಂದರೆ, ತಮ್ಮ ಅತಿ ವಿಧೇಯ ಸೇವಕ ಎಂದು ಪತ್ರದ ಕೊನೆಗೆ ಬರೆಯುವುದನ್ನು ನಮಗೆ ಕಲಿಸಿದವರು ಆಂಗ್ಲರೇ. ಅವರು ಅದನ್ನು ಬಿಟ್ಟರು. ನಮ್ಮ ಕಚೇರಿಗಳು ಬಹುಕಾಲ ಉಳಿಸಿಕೊಂಡುವು. ಈ ವಿನಯವನ್ನು ಇಂದಿನ ಪರದೇಶದ ಓದುಗನು ದೈನ್ಯವೆಂದೋ ಸಂಗತಿಯನ್ನು ಮರೆಮಾಚುವ ಉಪಾಯವೆಂದೋ ತಿಳಿಯುವ ಸಂಭವವುಂಟು. ಅವನ ಲೆಕ್ಕದಲ್ಲಿ ಮರ್ಯಾದೆಯೆಂದರೆ ಓದುವವನ ಹೊತ್ತನ್ನು ಉಳಿಸುವುದು. ಬೇಡಿಕೆಯನ್ನು ಮೊದಲ ವಾಕ್ಯದಲ್ಲಿಯೇ ಹೇಳಿ, ಕಾರಣವನ್ನು ಎರಡನೆಯದರಲ್ಲಿ ಹೇಳಿ, ವಂದನೆಯಿಂದ ಮುಗಿಸಿದರೆ ಅವನಿಗೆ ಸಂದ ಗೌರವ ಸಂದಂತೆಯೇ.

ಮೂರನೆಯದು ಆಧಾರ. ಕನ್ನಡದಲ್ಲಿ ‘ಅಂತೆ’ ಎಂಬ ಪುಟ್ಟ ಮಾತೊಂದಿದೆ. ‘ಕೋಡಿ ಬಿದ್ದಿತು’ ಎಂದರೆ ನಾವೇ ಕಂಡೆವು; ‘ಬಿದ್ದಿತಂತೆ’ ಎಂದರೆ ಇನ್ನೊಬ್ಬರಿಂದ ಕೇಳಿದೆವು. ಇಷ್ಟು ಚೊಕ್ಕವಾಗಿ ಕಂಡುದನ್ನೂ ಕೇಳಿದುದನ್ನೂ ಬೇರ್ಪಡಿಸುವ ಪ್ರತ್ಯಯವು ಇಂಗ್ಲಿಷಿನಲ್ಲಿಲ್ಲ. ಅದಕ್ಕಾಗಿಯೇ ಅಲ್ಲಿ ಯಾರು ಹೇಳಿದರು, ಯಾವ ವರ್ಷ, ಯಾವ ಪುಟ ಎಂಬ ಉಲ್ಲೇಖಗಳ ಏರ್ಪಾಡು ಈ ಕೆಲಸವನ್ನು ಮಾಡುತ್ತದೆ. ಕನ್ನಡದಲ್ಲಿ ಅಂತೆ ಎನ್ನುತ್ತಿದ್ದ ವಿದ್ಯಾರ್ಥಿಯು ಇಂಗ್ಲಿಷಿಗೆ ಬಂದಾಗ ಅಂತೆಯನ್ನೂ ಬಿಟ್ಟು ಉಲ್ಲೇಖವನ್ನೂ ಬಿಟ್ಟರೆ, ಬೇರೆಯವರ ಮಾತು ತನ್ನದೆಂಬಂತೆ ನಿಲ್ಲುವುದು. ಇದರ ದಂಡ ಹಗುರವಲ್ಲ. 2018ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಹೊರಡಿಸಿದ ನಿಯಮಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚಿನ ಹೋಲಿಕೆಗೆ ಹಂತಹಂತವಾಗಿ ಶಿಕ್ಷೆಯನ್ನು ಗೊತ್ತುಮಾಡಿತು. ಶೇಕಡಾ 60ನ್ನು ಮೀರಿದರೆ ಸಂಶೋಧನೆಯ ನೋಂದಣಿಯೇ ರದ್ದಾಗುವಂತಿತ್ತು. ಉಲ್ಲೇಖವು ಇಂಗ್ಲಿಷಿನ ಅಂತೆ ಎಂದು ಮೊದಲ ವರ್ಷದಲ್ಲಿಯೇ ಹೇಳಿಕೊಟ್ಟರೆ ಎಷ್ಟೋ ಮಂದಿ ಈ ಅಪಾಯದಿಂದ ಪಾರಾಗುವರು.

ಈ ಮೂರನ್ನೂ ನೀಗಿಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಸಾಧನವಿದೆ. ನ್ಯಾಯಶಾಸ್ತ್ರಕಾರರು ಅನುಮಾನವನ್ನು ಸ್ವಾರ್ಥವೆಂದೂ ಪರಾರ್ಥವೆಂದೂ ಎರಡಾಗಿ ವಿಂಗಡಿಸಿದರು. ತನ್ನಷ್ಟಕ್ಕೆ ತಿಳಿದುಕೊಳ್ಳುವುದು ಸ್ವಾರ್ಥಾನುಮಾನ. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಬೆಂಕಿಯಿದೆಯೆಂದು ಮನಸ್ಸಿನಲ್ಲಿ ಅರಿತರೆ ಮುಗಿಯಿತು. ಇನ್ನೊಬ್ಬನಿಗೆ ತಿಳಿಸಬೇಕಾದರೆ ಅದು ಪರಾರ್ಥಾನುಮಾನ. ಅದಕ್ಕೆ ಐದು ಅವಯವಗಳು ಬೇಕು: ಬೆಟ್ಟದಲ್ಲಿ ಬೆಂಕಿಯಿದೆ ಎಂಬ ಪ್ರತಿಜ್ಞೆ; ಹೊಗೆಯಿರುವುದರಿಂದ ಎಂಬ ಹೇತು; ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡಿಗೆಮನೆಯಲ್ಲಿರುವಂತೆ ಎಂಬ ಉದಾಹರಣೆ; ಈ ಬೆಟ್ಟದಲ್ಲಿಯೂ ಅಂಥ ಹೊಗೆಯಿದೆ ಎಂಬ ಉಪನಯ; ಆದುದರಿಂದ ಬೆಂಕಿಯಿದೆ ಎಂಬ ನಿಗಮನ. ಮೊದಲು ಬರುವುದು ಪ್ರತಿಜ್ಞೆ ಎಂಬುದನ್ನು ಗಮನಿಸಬೇಕು. ಇಂಗ್ಲಿಷ್ ಪ್ರಾಧ್ಯಾಪಕನು ಪ್ರಬಂಧದ ಮೊದಲ ಭಾಗದಲ್ಲಿ ನಿನ್ನ ವಾದವನ್ನು ಹೇಳು, ಕೊನೆಯಲ್ಲಿ ಅದನ್ನು ಸಮರ್ಥಿಸಿ ಮುಗಿಸು ಎನ್ನುವುದೂ ಇದನ್ನೇ. ಪರರಿಗಾಗಿ ಹೇಳುವಾಗ ಕ್ರಮ ಬೇರೆಯಾಗಬೇಕೆಂಬುದನ್ನು ನಮ್ಮವರು ಬಹು ಹಿಂದೆಯೇ ಕಂಡಿದ್ದರು. ಮಹಜರು ಬರೆದ ಸೀಮೆಯ, ಪರಾರ್ಥಾನುಮಾನವನ್ನು ಕಲಿಸಿದ ನಾಡಿನ ಹುಡುಗನಿಗೆ ಈ ಕ್ರಮವು ಪರಕೀಯವೆಂದು ಹೇಳುವುದು ಅನ್ಯಾಯ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ಸಂಗತಿ. ಗಟ್ಟಿಯಾದ ಕಗ್ಗಲ್ಲಿನೊಳಗಿನ ಖನಿಜಗಳಿಂದ ಅದು ನೀರಿಗೆ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾಗಿರುವ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಗಟ್ಟುವುದು. ಪ್ರಮಾಣ ಇನ್ನೂ ಹೆಚ್ಚಾದರೆ ಎಲುಬುಗಳು ಬಿರುಸಾಗಿ ಬಾಗುವುವು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ತನ್ನ ಹಳ್ಳಿಯ ನೀರಿನ ವಿಚಾರವಾಗಿ ವರದಿ ಬರೆಯುವಳೆಂದು ಊಹಿಸಿರಿ. ಅವಳು ತನಗೆ ಸಹಜವಾದಂತೆ ಬರೆದರೆ ಹೀಗಿರಬಹುದು: ಹಿಂದೆ ಊರಿಗೆ ಸೇದುವ ಬಾವಿಯಿತ್ತು, ಮಳೆ ಕಡಮೆಯಾಗಿ ಬಾವಿ ಬತ್ತಿತು, ಕೊಳವೆಬಾವಿ ತೋಡಿದರು, ಅದೂ ಬತ್ತಲು ಇನ್ನೂ ಆಳಕ್ಕೆ ಇಳಿದರು, ಮಕ್ಕಳ ಹಲ್ಲು ಕೆಟ್ಟಿತು, ಅಜ್ಜಿಯರ ಮೊಣಕಾಲು ಮಡಿಸಲಾಗದೆ ಹೋಯಿತು, ಪರೀಕ್ಷೆಮಾಡಿಸಿದಾಗ ಫ್ಲೋರೈಡ್ ಕಂಡಿತು, ಆದುದರಿಂದ ಶುದ್ಧನೀರು ಬೇಕು.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಇದೇ ಬಗೆಯ ಐವತ್ತು ವರದಿಗಳನ್ನು ಮುಂದಿಟ್ಟುಕೊಂಡು ಕುಳಿತ ಅಧಿಕಾರಿಯು ಪರೀಕ್ಷೆಯ ಮಾತು ಬರುವ ಹೊತ್ತಿಗೆ ಪುಟವನ್ನು ಮಗುಚಿರುತ್ತಾನೆ. ಅವಳು ಕ್ರಮವನ್ನು ತಿರುಗಿಸಲಿ. ಪ್ರತಿಜ್ಞೆ ಮೊದಲು: ಈ ಹಳ್ಳಿಯ ಇಷ್ಟು ಕೊಳವೆಬಾವಿಗಳಲ್ಲಿ ಇಷ್ಟರ ನೀರು ಕುಡಿಯಲು ಯೋಗ್ಯವಲ್ಲ. ಬಳಿಕ ವಿಧಾನ, ಮಹಜರಿನಂತೆ: ಯಾವ ದಿನ, ಯಾವ ಬಾವಿಯಿಂದ, ಎಷ್ಟು ಆಳದ ನೀರು, ಯಾವ ಪರೀಕ್ಷೆ. ಬಳಿಕ ಅಂಕಿಗಳು, ಮಿತಿಯ ಪಕ್ಕದಲ್ಲಿಟ್ಟು. ಬಳಿಕ ವಿಮರ್ಶೆ. ಬಾವಿ ಬತ್ತಿ ಆಳಕ್ಕೆ ಇಳಿದ ಕಥೆಯು ಇಲ್ಲಿ ಬರಬೇಕು. ಅದು ಈಗ ಕಥೆಯಾಗಿ ನಿಲ್ಲದೆ, ಕಲ್ಲಿನೊಡನೆ ನೀರು ಹೆಚ್ಚುಕಾಲ ಸಂಪರ್ಕದಲ್ಲಿರುವುದಕ್ಕೆ ಸಾಕ್ಷಿಯಾಗುವುದು. ಅಜ್ಜಿಯ ಮೊಣಕಾಲೂ ಸಾಕ್ಷಿಯೇ. ಊರಿನ ತಿಳಿವಳಿಕೆಯನ್ನು ಹೊರಗೆಸೆಯಬೇಕೆಂದು ಈ ಕ್ರಮವು ಹೇಳುವುದಿಲ್ಲ. ಅದನ್ನು ಎಲ್ಲಿ ಇರಿಸಿದರೆ ದೂರದವನಿಗೆ ಕಾಣುವುದೋ ಅಲ್ಲಿ ಇರಿಸೆನ್ನುತ್ತದೆ. ನೀರು ಬರುವುದೂ ಬಾರದಿರುವುದೂ ಒಮ್ಮೊಮ್ಮೆ ಇಷ್ಟರ ಮೇಲೆ ನಿಂತಿರುವುದು.

ಹೀಗೆ ಊರಿನಿಂದ ಹೊರಕ್ಕೆ ಹೋಗುವ ದಾರಿಯನ್ನು ನಮ್ಮ ನಾಡಿನವರು ಹಿಂದೆಯೇ ಸವೆಸಿದ್ದಾರೆ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚುಹಾಕಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದವು ಪುಸ್ತಕರೂಪದಲ್ಲಿ ಹೊರಬಂದು ಲೋಕದ ವಿದ್ವಾಂಸರೆಲ್ಲ ಅದರತ್ತ ತಿರುಗಿದರು. ಮಹಾರಾಜಾ ಕಾಲೇಜಿನ ಎಂ. ಹಿರಿಯಣ್ಣನವರು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಭಾರತೀಯ ದರ್ಶನಗಳ ಗ್ರಂಥವು ಮಿತವೂ ಸ್ಪಷ್ಟವೂ ಆದ ಇಂಗ್ಲಿಷಿಗೆ ಮಾದರಿ. ಇವರಿಬ್ಬರೂ ಪಾಂಡಿತ್ಯವನ್ನು ಬಿಟ್ಟುಕೊಡದೆ ಓದುಗನ ದೂರವನ್ನು ಅಳೆದು ಬರೆದರು.

ಹೊರಕ್ಕೆ ಹೋಗುವ ದಾರಿ ಹೀಗೆ ನಡೆದಿದ್ದರೂ, ಒಳಕ್ಕೆ ಬರುವ ದಾರಿ ಇನ್ನೂ ಮುಳ್ಳು ತುಂಬಿಕೊಂಡಿದೆ. ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವಿದೆ. ರೈತರು ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗಿ, ಕಾಲಕಾಲಕ್ಕೆ ಏರುವಂತೆ, ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟರು. ಈ ಯೋಜನೆಯನ್ನು ಕುರಿತು ಬ್ಯಾಂಕಿನವರೂ ಸಂಶೋಧಕರೂ ಓದುವ ವರದಿಗಳು ಇಂಗ್ಲಿಷಿನಲ್ಲಿವೆ. ನೆಲವಿಲ್ಲದ ಕೂಲಿಕಾರನ ಗತಿ, ಮೇವಿನ ಕೊರತೆ, ಗುತ್ತಿಗೆ ಮುಗಿದ ಮೇಲಿನ ಪ್ರಶ್ನೆ ಇವುಗಳ ಬಗೆಗೆ ಅವುಗಳಲ್ಲಿ ಏನು ಬರೆದಿದೆಯೆಂಬುದು, ಯಾರನ್ನು ಕುರಿತು ಬರೆದಿದೆಯೋ ಅವರ ಕೈಗೆ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬರಬೇಕು. ಬಂದಾಗಲೂ ಪದಕ್ಕೆ ಪದ ಇಟ್ಟ ಭಾಷಾಂತರ ಸಾಲದು. ರೈಸ್ ಅವರು ಕಲ್ಲನ್ನು ಲಂಡನ್ನಿನ ಓದುಗನಿಗಾಗಿ ಮರಳಿ ಜೋಡಿಸಿದಂತೆ, ವರದಿಯನ್ನು ತಿರುಮಣಿಯ ಓದುಗನಿಗಾಗಿ ಮರಳಿ ಜೋಡಿಸಬೇಕು: ಈ ನೆಲ ಯಾರದು, ಮಾತು ಕೊಟ್ಟವರು ಯಾರು, ಎಲ್ಲೆ ಎಲ್ಲಿ, ಮಾತಿಗೆ ತಪ್ಪಿದರೆ ಏನು. ಇದು ಶಾಸನದ ಕ್ರಮವೇ ಎಂಬುದು ಶ್ರೋತೃಗಳಿಗೆ ಹೊಳೆದಿರಬಹುದು.

ಆದಕಾರಣ ಈ ಸೀಮೆಯಿಂದ ಬರುವ ವಿದ್ಯಾರ್ಥಿಗಳಿಗೂ ಅವರಿಗೆ ಕಲಿಸುವ ನಮ್ಮಂಥವರಿಗೂ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಲೇಖನಿಯನ್ನು ಹಿಡಿಯುವ ಮೊದಲು, ಇದನ್ನು ಓದುವವನು ಯಾರು, ಅವನಿಗೆ ನಮ್ಮ ಊರು ಗೊತ್ತೆ, ಅವನ ಬಳಿ ಎಷ್ಟು ಹೊತ್ತಿದೆ ಎಂದು ಕೇಳಿಕೊಳ್ಳಬೇಕು. ದೂರದವನಿಗಾದರೆ ಪ್ರತಿಜ್ಞೆಯನ್ನು ಮುಂದಿಟ್ಟು, ಕಂಡುದನ್ನೂ ಕೇಳಿದುದನ್ನೂ ಬೇರ್ಪಡಿಸಿ, ಅಳತೆಯನ್ನು ಮರೆಯದೆ ಬರೆಯಬೇಕು. ಬರೆದುದರ ಸಾರವನ್ನು ಒಂದು ಪುಟದಷ್ಟಾದರೂ ತನ್ನ ಊರಿನ ಭಾಷೆಯಲ್ಲಿ, ಊರಿನವರ ಕ್ರಮದಲ್ಲಿ ಬರೆದು, ನೀರು ಕೊಟ್ಟ ಬಾವಿಯವರಿಗೂ ಮಾತು ಕೊಟ್ಟ ಮನೆಯವರಿಗೂ ಓದಿ ಹೇಳಬೇಕು. ನಮ್ಮ ಕಾಲೇಜುಗಳು ಈ ಎರಡನೆಯ ಪುಟಕ್ಕೂ ಅಂಕಗಳನ್ನು ಕೊಡುವಂತಾದರೆ, ಮಧುಗಿರಿಯ ಕಡೆಯ ಹುಡುಗಿಯು ಇಂಗ್ಲಿಷನ್ನು ಕಲಿತುದಕ್ಕೆ ಅವಳ ಹಳ್ಳಿಗೂ ಪ್ರಯೋಜನವಾದೀತು.